ಹನಿಮೂನಿಗೆ ಹೋದವರು

“ಬೆಟ್ಟ ಮಾತ್ರ ಬೇಡ,” ಎಂದ ಗಂಡ. ಅವನು ಬಸ್ ಡ್ರೈವರ್. “ದಿನಾ ಹತ್ತಿಳಿಯೋದು ಬೆಟ್ಟಾನೇ. ಹನಿಮೂನಿಗೂ ಅಲ್ಲಿಗೇ ಹೋದ್ರೆ, ನಿನ್ನ ಪಕ್ಕ ಕೂತಿದ್ರೂ ನನ್ನ ಕಾಲು ಬ್ರೇಕ್ ಹುಡುಕ್ತಿರುತ್ತೆ.”

“ಹಾಗಾದ್ರೆ ಸಮುದ್ರಾನೂ ಬೇಡ,” ಎಂದಳು ಹೆಂಡತಿ. ಅವಳದು ಲಾಡ್ಜಿನಲ್ಲಿ ರೂಮು ಚೊಕ್ಕಟ ಮಾಡುವ ಕೆಲಸ. “ಸಮುದ್ರ ಅಂದ್ರೆ ಮರಳು. ಮರಳು ಅಂದ್ರೆ ಹಾಸಿಗೆ ಕೊಡವೋದು. ಯಾವ ಹೋಟೆಲಿಗೆ ಹೋದ್ರೂ ನಾನು ಮೊದಲು ಮಂಚದ ಕೆಳಗೆ ಬಗ್ಗಿ ನೋಡ್ತೀನಿ ರೀ. ನೀವು ಮಗ್ಗುಲು ಬದಲಿಸಿದ್ರೆ ಎಬ್ಬಿಸಿ ಬೆಡ್‌ಶೀಟ್ ಸರಿ ಮಾಡ್ತೀನಿ. ಆಮೇಲೆ ಬೈಬೇಡಿ.”

ಮದುವೆಯಾದ ಮೂರನೇ ತಿಂಗಳಿಗೆ, ಮೇಲಿನವರ ಮುಂದೆ ಹಲ್ಲು ಗಿಂಜಿ, ಕೈಕಾಲು ಹಿಡಿದು, ಇಬ್ಬರೂ ಒಂದೇ ವಾರದಲ್ಲಿ ನಾಲ್ಕು ದಿನ ರಜೆ ಗಿಟ್ಟಿಸಿದ್ದರು. ಊರು ಮಾತ್ರ ಗಿಟ್ಟಲಿಲ್ಲ. ಹಳೇ ಕೋಟೆ ಎಂದರೆ ಇವನಿಗೆ ಅಲ್ಲಿನ ಬಸ್ ಸ್ಟ್ಯಾಂಡಿನ ಕೆಸರು ಕಣ್ಣಿಗೆ ಕಟ್ಟುತ್ತಿತ್ತು. ಕಾಡಿನ ಕುಟೀರ ಎಂದರೆ ಅವಳಿಗೆ ಅಲ್ಲಿ ಸೊಳ್ಳೆ ಪರದೆ ಒಗೆಯುವವಳ ಮೇಲೆ ಕನಿಕರ ಹುಟ್ಟುತ್ತಿತ್ತು.

“ಬಸ್ಸೂ ಇರಬಾರ್ದು, ಹೋಟೆಲ್ ಹಾಸಿಗೇನೂ ಇರಬಾರ್ದು,” ಎಂದು ಅವನು ಪಿಸುಗುಟ್ಟಿದ. “ಅಂಥ ಜಾಗ ಎಲ್ಲಿದೆಯೇ?”

“ಇದೆ ಕಣಪ್ಪಾ,” ಎಂದಿತು ಬೀರುವಿನ ಆಚೆಯಿಂದ ಅವನ ಅಪ್ಪನ ದನಿ. “ಅಲ್ಲಿಗೆ ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ.”

“ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆ ಅಂದನಂತೆ! ನಿಮ್ಮ ಬಾಯಿಗೆ ಬೇರೆ ಮಾತೇ ಬರಲ್ವಾ?” ಅತ್ತೆ ಗದರಿದರು. ಗದರಿದ್ದು ಮುಗಿದ ಮೇಲೆ ಸೊಸೆಗೂ ಒಂದು ಮಾತು ಹೇಳಿದರು: “ಕಾಡಿಗೇ ಹೋಗೋದಾದ್ರೆ ಅವನ ಸ್ವೆಟರ್ ತಗೊಂಡ್ಹೋಗಮ್ಮ, ಶೀತ ಆಗುತ್ತೆ.”

ಮನೆಯೇ ಅಂಥದ್ದು. ಒಂದು ಅಡುಗೆಮನೆ, ಒಂದು ನಡುಮನೆ. ನಡುಮನೆಯ ಮಧ್ಯೆ ಬೀರು ನಿಲ್ಲಿಸಿ, ಮಿಕ್ಕ ಸಂದಿಗೆ ಪರದೆ ಕಟ್ಟಿ, ಆಚೆ ಹಳೇ ಜೋಡಿ, ಈಚೆ ಹೊಸ ಜೋಡಿ ಎಂದು ಪಾಲು ಮಾಡಿದ್ದರು. ಬೀರು ಕಣ್ಣನ್ನು ತಡೆದೀತು, ಕಿವಿಯನ್ನು ತಡೆಯುತ್ತದೆಯೇ? ಸೊಸೆ ಬಾಯಿ ತುಂಬ ನಕ್ಕು ಮೂರು ತಿಂಗಳಾಗಿತ್ತು. ನಗುವುದು ಹಾಗಿರಲಿ, ಗಂಡನ ಜತೆ ಮನಸಾರೆ ಒಂದು ಜಗಳವಾಡಲೂ ಅವಳಿಗೆ ಜಾಗವಿರಲಿಲ್ಲ. ಅದನ್ನು ನೆನೆದರೆ ಒಮ್ಮೊಮ್ಮೆ ನಿಜಕ್ಕೂ ಅಳು ಬರುತ್ತಿತ್ತು.

ಮರುದಿನ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ತಟ್ಟನೆ ಗಂಡನ ಕಡೆ ತಿರುಗಿದಳು. “ರೀ, ನಮಗೆ ಬೇಕಿರೋದು ಊರಲ್ಲ.”

“ಮತ್ತೆ?”

“ಬಾಗಿಲು. ಒಳಗಿಂದ ಚಿಲಕ ಹಾಕ್ಕೊಳ್ಳೋಕೆ ಒಂದು ಬಾಗಿಲು. ಅದು ನಮ್ಮ ಮನೆಗೇ ಇದೆಯಲ್ಲ? ನಾವು ಹೋಗೋದು ಬೇಡ, ಅವರನ್ನ ಕಳಿಸೋಣ.”

“ಅಮ್ಮನ್ನಾ?” ಅವನು ಕಣ್ಣು ಕಣ್ಣು ಬಿಟ್ಟ. “ಅವಳು ತರಕಾರಿ ಅಂಗಡಿ ದಾಟಿ ಹೋದೋಳಲ್ಲ ಕಣೇ!”

“ಅದು ನನಗೆ ಬಿಡಿ.”

ಸಂಜೆ ಸೊಸೆ ಮುಖ ಜೋಲು ಹಾಕಿಕೊಂಡು ಅತ್ತೆಯ ಮುಂದೆ ನಿಂತಳು. “ಅತ್ತೆ, ನಮ್ಮಿಬ್ಬರ ರಜೆನೂ ರದ್ದಾಯ್ತು. ಸಮುದ್ರದ ಹತ್ರ ರೂಮು ಬುಕ್ ಮಾಡ್ಬಿಟ್ಟಿದ್ವಿ, ಈಗ ಬೇಡ ಅಂದ್ರೆ ದುಡ್ಡು ವಾಪಸ್ ಕೊಡಲ್ಲ ಅಂತಾರೆ. ನೀವೂ ಮಾವನೂ ಆದ್ರೂ ಹೋಗ್ಬನ್ನಿ.” ಪಕ್ಕದಲ್ಲಿ ಗಂಡ ನೆಲ ನೋಡಿಕೊಂಡು ನಿಂತಿದ್ದ. ಹಾರನ್ ಹೊಡೆಯುವಷ್ಟು ಸಲೀಸಾಗಿ ಸುಳ್ಳು ಹೇಳಲು ಅವನಿಗೆ ಬಾರದು. ರೂಮು ನಿಜಕ್ಕೂ ಬುಕ್ ಆದದ್ದು ಈ ಮಾತುಕತೆಯೆಲ್ಲ ಮುಗಿದ ಮೇಲೆ.

“ಅಯ್ಯೋ, ಈ ವಯಸ್ಸಲ್ಲಿ ನಮಗೆಂಥ ಹನಿಮೂನೇ? ಜನ ನಗಲ್ವಾ? ಗಿಡಕ್ಕೆ ಯಾರು ನೀರು ಹಾಕ್ತಾರೆ? ಹಾಲು ಯಾರು ಕಾಯಿಸ್ತಾರೆ?” ಅತ್ತೆ ಒಂದೊಂದೇ ಕಾರಣ ಹುಡುಕುತ್ತಿರುವಾಗಲೇ ಮಾವ ಸದ್ದಿಲ್ಲದೆ ಸ್ಟೂಲ್ ಹತ್ತಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದರು. ಅಲ್ಲಿಗೆ ಅತ್ತೆಯ ಕಾರಣಗಳೂ ಮುಗಿದವು. ಏನೂ ಅರಿಯದ ಜೀವಕ್ಕೆ ಟೋಪಿ ಹಾಕಿದೆನಲ್ಲ ಎಂದು ಸೊಸೆಯ ಮನಸ್ಸು ಒಂದು ಕ್ಷಣ ಚುಚ್ಚಿತು. ಒಂದೇ ಕ್ಷಣ.

ಹೊರಡುವ ದಿನ ಬಾಗಿಲಿಗೆ ಆಟೋ ಬಂತು. ಮಾವ ಹೊಸ ಕಪ್ಪು ಕನ್ನಡಕ ಏರಿಸಿ, ಸೂಟ್‌ಕೇಸ್ ತೊಡೆಯ ಮೇಲಿಟ್ಟುಕೊಂಡು, ಆಟೋದವನಿಗಿಂತ ಮೊದಲೇ ಒಳಗೆ ಕೂತಿದ್ದರು. ಮಗ ಅವರ ಚೀಲ ಇಡಲು ಹೋಗಿದ್ದ. ಹೊಸಿಲು ದಾಟಿದ್ದ ಅತ್ತೆ ಏನೋ ಮರೆತವರಂತೆ ಮತ್ತೆ ಒಳಗೆ ಬಂದು, ಬೀದಿ ಕಡೆಯ ಕಿಟಕಿ ಮುಚ್ಚಿ ಕೊಂಡಿ ಹಾಕಿದರು.

“ಪಕ್ಕದ ಮನೆಯವಳಿಗೆ ನಾಲ್ಕೂ ಜನ ಹೋಗ್ತಿದ್ದೀವಿ ಅಂದಿದ್ದೀನಿ. ಇಲ್ಲದಿದ್ರೆ ಹೊತ್ತಿಗೊಂದು ಸಲ ಸಕ್ಕರೆ ಕೇಳ್ಕೊಂಡು ಬರ್ತಾಳೆ. ಯಾರು ತಟ್ಟಿದ್ರೂ ಬಾಗಿಲು ತೆಗೀಬೇಡಿ.”

ಸೊಸೆ ತೊದಲಿದಳು. “ಅತ್ತೆ... ಅದು... ನಮಗೆ ರಜೆ...”

“ರಜೆ ರದ್ದಾದವರು ಇವತ್ತು ಬೆಳಿಗ್ಗೆನೇ ಯೂನಿಫಾರ್ಮ್ ಬಕೆಟ್‌ನಲ್ಲಿ ನೆನೆಹಾಕ್ತಾರಾ? ಅದೂ ಇಬ್ಬರೂ?”

ಸೊಸೆ ತಲೆ ತಗ್ಗಿಸಿದಳು. ಕಿವಿಯವರೆಗೂ ಕೆಂಪಾಗಿದ್ದಳು. “ಎಲ್ಲಾ ಗೊತ್ತಿದ್ದೂ ಹೊರಟ್ರಾ ಅತ್ತೆ?”

ಹೊರಗೆ ಮಾವ ಅವಸರ ಮಾಡುತ್ತಿದ್ದರು. ಅತ್ತೆ ಸೆರಗು ಸರಿಪಡಿಸಿಕೊಂಡರು, ಸೊಸೆಯ ಕೆನ್ನೆ ಮೆಲ್ಲಗೆ ತಟ್ಟಿದರು.

“ನಾನು ಮದುವೆಯಾಗಿ ಬಂದಾಗ ಈ ಮನೇಲಿ ಹನ್ನೊಂದು ಜನ ಇದ್ರು ಕಣೇ. ಒಬ್ಬರಿಗಾದ್ರೂ ಸಮುದ್ರ ನೋಡಬೇಕು ಅನ್ನಿಸ್ಲಿಲ್ಲ.”