ಕೇತಮ್ಮಜ್ಜಿಯ ಎದುರಿನ ಸ್ಟೂಲು

ತಾವೇ ನಂಬದ ಮಾತನ್ನು ಆಡುವವರು ಕ್ಯಾಮೆರಾದಲ್ಲಿ ಮೂಡದಂತಾಗಿ ಬಹಳ ವರ್ಷಗಳಾಗಿದ್ದವು. ಯಾರಿಗೂ ಅದೀಗ ಸೋಜಿಗವಲ್ಲ.

ಸಾಕ್ಷ್ಯಚಿತ್ರ ಮಾಡಲು ಸೋಲಿಗರ ಪೋಡು ಎಂಬ ಕಾಡಿನ ಹಟ್ಟಿಗೆ ಬಂದಿದ್ದ ಪ್ರಫುಲ್ಲಾ, ಬೆಳಿಗ್ಗೆ ಜಲವಿದ್ಯುತ್ ಯೋಜನೆಯ ಅಧಿಕಾರಿಯನ್ನು ಚಿತ್ರೀಕರಿಸಿದ್ದಳು. ‘ಕಾಡಿನ ಜನರ ಒಪ್ಪಿಗೆಯಿಲ್ಲದೆ ಒಂದು ಕಲ್ಲೂ ಅಲುಗುವುದಿಲ್ಲ’ ಎಂದು ಆತ ಹೇಳಿದಷ್ಟು ಹೊತ್ತೂ ಪರದೆಯಲ್ಲಿ ಕಂಡದ್ದು ಕುರ್ಚಿ, ಅದರ ಬೆನ್ನಿಗೆ ಹೊದಿಸಿದ ಟವಲು. ಪೋಡಿನವರೆಲ್ಲ ನೋಡಿ ನಕ್ಕಿದ್ದರು. ವಾಡಿಕೆಯಂತೆ ಅವಳು ಪರದೆಯಲ್ಲಿ ಟವಲಿನ ಕೆಳಗೆ ಅವನ ಹೆಸರು ಹಾಕಿದ್ದಳು.

ಮಧ್ಯಾಹ್ನ ತಾನೂ ಪೋಡಿನ ಹಿರಿಯಳಾದ ಕೇತಮ್ಮಜ್ಜಿಯೂ ಎದುರುಬದುರು ಕಾಣುವಂತೆ ಕ್ಯಾಮೆರಾ ಇಟ್ಟು, ಸ್ಟೂಲಿನ ಮೇಲೆ ಕೂತಳು. ಅಣೆಕಟ್ಟೆಯ ನೀರಿನಲ್ಲಿ ಜೇನುಬಂಡೆ ಮುಳುಗಿದರೆ ಹೆಜ್ಜೇನು ಎಲ್ಲಿಗೆ ಹೋಗಬೇಕು ಎಂದು ಕೇಳಿದ ಅಜ್ಜಿ, ಕೊನೆಗೆ ಅಂದಳು: “ಈ ಪಿಚ್ಚರ್ ತೋರ್ಸುದ್ರ ಅಣೆ ಕಟ್ಟದ್ನ ಬುಟ್ಬುಡ್ತರಾ ಕೂಸು?”

ಇಲ್ಲವೆನ್ನಲು ಪ್ರಫುಲ್ಲಾಗೆ ಬಾಯಿ ಬರಲಿಲ್ಲ. ಎದುರಿನವರಿಗೆ ಧೈರ್ಯ ತುಂಬಬೇಕೆಂದು ಅವಳು ಓದಿದ ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು.

“ಬಿಟ್ಟೇ ಬಿಡ್ತಾರೆ ಅಜ್ಜಿ.”

ಮುಗಿದ ಮೇಲೆ ಇಬ್ಬರೂ ಪರದೆಗೆ ಬಗ್ಗಿದರು. ಅಜ್ಜಿಯ ಒಂದು ಸುಕ್ಕೂ ಮಸುಕಾಗಿರಲಿಲ್ಲ. ಆದರೆ ಕೊನೆಯಲ್ಲಿ ಅವಳ ಎದುರಿಗಿದ್ದದ್ದು ಬರೀ ಸ್ಟೂಲು. ‘ಬಿಟ್ಟೇ ಬಿಡ್ತಾರೆ’ ಎಂಬ ದನಿ ಅದರ ಮೇಲಿಂದ ಬರುತ್ತಿತ್ತು.

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

“ಆ ಸಾಹೇಬ್ರು ಇಲ್ಗೂ ಬಂದಿದ್ರಾ ಕೂಸು?”