ಅವಸರವಿಲ್ಲದ ಹುಡುಗಿ

ಎಂಟು ತಿಂಗಳಾದರೂ ಗಾನವಿ ಒಂದು ಫೋನು ಮಾಡಿರಲಿಲ್ಲ. ಚಂದ್ರಹಾಸ ಅದಕ್ಕೂ ಐದು ಅಂಕ ಕೊಟ್ಟ.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಆರು ಗಂಟೆ. ಅಷ್ಟು ಹೊತ್ತೂ ಅವನ ತೊಡೆಯ ಮೇಲೆ ಅಂಕಗಳ ಪಟ್ಟಿ ಇತ್ತು. ಎಡಕ್ಕೆ ಗುಣಗಳು, ಬಲಕ್ಕೆ ಎರಡು ಕಾಲಂ: ಗಾನವಿ, ಧನ್ಯಾ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು ಅವನು. ಪಂಪು ಕೊಳ್ಳುವುದಕ್ಕೂ ಪಟ್ಟಿ, ಹೆಂಡತಿ ತರುವುದಕ್ಕೂ ಪಟ್ಟಿ.

"ಲೋ, ಹೆಣ್ಣು ನೋಡ್ತಿದೀಯೋ, ಎಮ್ಮೆ ಕೊಳ್ತಿದೀಯೋ?" ತಿಪಟೂರಿನಿಂದ ತಾಯಿ ಸೀತಾಲಕ್ಷ್ಮಿ ಫೋನಿನಲ್ಲಿ ಬೈದಿದ್ದಳು. "ಎಮ್ಮೆ ಕೊಳ್ಳೋರಾದ್ರೂ ಹತ್ತಿರ ಹೋಗಿ ಮೈ ಸವರಿ ನೋಡ್ತಾರೆ. ನೀನು ಬರೀ ಕಾಗದ ಸವರ್ತಾ ಕೂತಿದೀಯ."

"ತರ್ಕ ಅಂತ ಒಂದಿದೆ ಕಣಮ್ಮ."

"ಅದಕ್ಕೇ ತಾಳಿ ಕಟ್ಟು, ಹೋಗು."

ಅವನು ತೆಲುಗು ಕಲಿಯದೆ ಇದ್ದದ್ದೂ ತರ್ಕದಿಂದಲೇ. ಆಂಧ್ರಕ್ಕೆ ವರ್ಗವಾಗಿ ಬಂದ ವಾರವೇ ಲೆಕ್ಕ ಹಾಕಿದ್ದ: ಅರ್ಧ ಮಾತು ಹೇಗೂ ನಮ್ಮದೇ, ಆಫೀಸಿಗೆ ಇಂಗ್ಲಿಷು ಸಾಕು. ಶ್ರಮ ಮುನ್ನೂರು ಗಂಟೆ, ಲಾಭ ಸೊನ್ನೆ.

ಧನ್ಯಾ ಅವನ ಟೌನ್‌ಶಿಪ್ಪಿನ ಶಾಲೆಯಲ್ಲೇ ಟೀಚರು. ಅಪ್ಪ ಹಾಸನದ ಕಡೆಯವರಾದರೂ ಅವಳು ಹುಟ್ಟಿ ಬೆಳೆದದ್ದೆಲ್ಲ ವಿಶಾಖಪಟ್ಟಣ. ಚಂದ್ರಹಾಸನಿಗೆ ಜ್ವರ ಬಂದಾಗ ಐದು ದಿನ ಡಬ್ಬಿಯಲ್ಲಿ ಬಿಸಿ ಗಂಜಿ ತಂದುಕೊಟ್ಟವಳು. ಅಡುಗೆ: ಎಂಟು. ಅವಳು ನಕ್ಕರೆ ಅವನ ಎದೆಯೊಳಗೆ ಏನೋ ಕದಲುತ್ತಿತ್ತು. ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ವಿಜಯವಾಡದಲ್ಲಿ ಇನ್ನೊಂದು ಹುಡುಗಿ ನೋಡಿ ಬಂದು, ಹೋಲಿಸಿ ಹೇಳುತ್ತೇನೆ ಎಂದು ಅವನು ಪ್ರಾಮಾಣಿಕವಾಗಿ ತಿಳಿಸಿದ ದಿನ ಅವಳು ಕ್ವಾರ್ಟರ್ಸಿನ ಗೇಟು ಹಿಡಿದು ನಿಂತಿದ್ದಳು. ತಲೆ ತಗ್ಗಿಸಿಯೇ ಅಂದಳು:

"ಚಂದ್ರಹಾಸ ಗಾರೂ, ನನಗೆ ನೀವು ಅವಸರ."

ಅವನು ನಕ್ಕು ತಿದ್ದಿದ. "ಅಲ್ಲಿ ‘ನೀವು’ ಹೆಚ್ಚಾಯ್ತು ನೋಡಿ. ‘ನನಗೆ ಅವಸರ’ ಅಂದ್ರೆ ಸಾಕು. ಆದ್ರೂ ಇಷ್ಟೊಂದು ಅವಸರ ಒಳ್ಳೇದಲ್ಲ."

ಅವಳು ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು. ಗೇಟು ಹಾಕಿಕೊಂಡು ಒಳಗೆ ಹೋದಳು. ಆತುರ: ಮೈನಸ್ ಹತ್ತು. ವ್ಯಾಕರಣ: ಮೈನಸ್ ಎರಡು.

ಮರುವಾರ ವಿಜಯವಾಡ. ಬೆಂಜ್ ಸರ್ಕಲ್ ಹತ್ತಿರ ಮನೆ, ಬ್ಯಾಂಕ್ ಅಧಿಕಾರಿ ವೆಂಕಟರಮಣರ ಮಗಳು ಗಾನವಿ. ಕನ್ನಡದ ಮನೆಯವರೇ, ಆದರೆ ಅವಳೂ ಆಂಧ್ರದಲ್ಲೇ ಬೆಳೆದವಳು. ಹಿರಿಯರು ಇಬ್ಬರನ್ನೂ ಮಾತಾಡಲೆಂದು ಬಾಲ್ಕನಿಗೆ ಕಳಿಸಿದಾಗ ಚಂದ್ರಹಾಸ ಪಟ್ಟಿ ಬಿಚ್ಚಿ, ನಲವತ್ತು ನಿಮಿಷ ಪ್ರಶ್ನೆ ಕೇಳಿದ. ಕಡೆಯ ಪ್ರಶ್ನೆ: "ಮದುವೆ ವಿಷಯ ಏನಂತೀರಿ?"

ಅವಳು ಪಟ್ಟಿಯನ್ನು ನೋಡಿ, ಅವನನ್ನು ನೋಡಿ, ವಿನಯವಾಗಿಯೇ ಅಂದಳು: "ನನಗೆ ಅವಸರ ಇಲ್ಲಂಡಿ."

ಎಂಥ ಪ್ರಬುದ್ಧತೆ! ತಾಳ್ಮೆ: ಹತ್ತಕ್ಕೆ ಹತ್ತು.

"ನನಗೂ ಅವಸರ ಇಲ್ಲ" ಎಂದ. ಇಬ್ಬರ ಮುಖವೂ ಅರಳಿತು.

ಹೋದ ತಿಂಗಳು ಸಿಂಹಾಚಲಂ ಬೆಟ್ಟದ ಮೇಲೆ ಧನ್ಯಾಳ ಮದುವೆ ಆಯಿತು. ಹುಡುಗ ಪರವಾಡದ ಔಷಧ ಕಂಪನಿಯವನು. ಚಂದ್ರಹಾಸ ಹೋಗಿ, ಮೂರು ಸಲ ಪುಳಿಹೋರ ಹಾಕಿಸಿಕೊಂಡು, ಪಕ್ಕದ ಎಲೆಯವರಿಗೆ ಹೇಳಿದ: "ನೋಡಿದ್ರಾ, ಎಂಥ ಅವಸರ!" ಅವತ್ತು ರಾತ್ರಿ ಯಾಕೋ ನಿದ್ದೆ ಬರಲಿಲ್ಲ. ಪುಳಿಹೋರ ಹೆಚ್ಚಾಗಿದ್ದೇ ಕಾರಣವೆಂದು ತೀರ್ಮಾನಿಸಿದ.

ಈಗ ವಿಜಯವಾಡದಲ್ಲಿ ರೈಲು ಇಳಿದು ಹಣ್ಣು ಕೊಂಡ. "ಕವರ್ ಅವಸರಮಾ ಅಂಡಿ?" ಎಂದಳು ಹಣ್ಣಿನವಳು. "ಹೂಂ, ಅವಸರ, ಅವಸರ" ಎಂದ, ಗಡಿಯಾರ ತೋರಿಸಿ. ಅವಳು ನಿಧಾನವಾಗಿ ಕವರು ಹುಡುಕಿ, ಬಾಯಿ ಬಿಡಿಸಿ, ಹಣ್ಣು ತುಂಬಿ ಕೊಟ್ಟಳು. ಅವಸರವೇ ಅಂತ ಕೇಳುತ್ತಾರೆ, ಮಾಡುವುದು ಮಾತ್ರ ಹೀಗೆ ಎಂದುಕೊಂಡ.

ಬಾಗಿಲು ತೆರೆದ ವೆಂಕಟರಮಣರಿಗೆ ಗುರುತು ಹತ್ತಲು ಹೊತ್ತು ಹಿಡಿಯಿತು.

"ಎಂಟು ತಿಂಗಳು ತೂಗಿ ನೋಡಿದೆ ಸರ್" ಎಂದು ಚಂದ್ರಹಾಸ ಹಣ್ಣು, ಸೀರೆ ಮುಂದಿಟ್ಟ. "ನನ್ನದು ಒಪ್ಪಿಗೆ."

"ಯಾವುದಕ್ಕಪ್ಪ? ಗಾನವಿಗೆ ಮದುವೆಯಾಗಿ ಮೂರು ತಿಂಗಳಾಯ್ತು. ಅವಳು ಬೇಡ ಅಂದ್ಲು, ನೀವೂ ಬೇಡ ಅಂದ್ರಿ. ಅಲ್ಲಿಗೆ ಮುಗೀತಲ್ಲ?"

"ಬೇಡ ಅಂದ್ಲಾ? ಅವಸರ ಇಲ್ಲ ಅಂದ್ರು ಸರ್! ನನ್ನ ಹತ್ತಿರ ಬರೆದದ್ದಿದೆ."

ವೆಂಕಟರಮಣರು ಅವನನ್ನೇ ದಿಟ್ಟಿಸಿದರು. ಆಮೇಲೆ ಕನ್ನಡಕ ಜಾರುವಷ್ಟು ನಕ್ಕರು. "ಅಯ್ಯೋ ಪುಣ್ಯಾತ್ಮ! ಇಲ್ಲಿ ಬೆಳೆದ ಮಕ್ಕಳ ಕನ್ನಡ ಅದು. ತೆಲುಗಲ್ಲಿ ಅವಸರ ಅಂದ್ರೆ ಆತುರ ಅಲ್ರೀ, ‘ಬೇಕು’ ಅಂತ. ಅವಸರ ಇಲ್ಲ ಅಂದ್ರೆ ‘ಬೇಡ’. ಅಷ್ಟೇ!"

ಗಾನವಿಯ ಕಾಲಂ ಹೊಡೆದುಹಾಕಲು ಚಂದ್ರಹಾಸ ಪಟ್ಟಿ ಬಿಚ್ಚಿದ. ಪೆನ್ನು ಪಕ್ಕದ ಕಾಲಂ ಮೇಲೆ ಹೋಗಿ ನಿಂತುಬಿಟ್ಟಿತು.

ನನಗೆ ನೀವು ಅವಸರ. ಧನ್ಯಾಳ ಆ ಮಾತಿನಲ್ಲಿ ಒಂದು ಪದವೂ ಹೆಚ್ಚಿರಲಿಲ್ಲ.