ಹೊಸ ಸಿನಿಮಾದಲ್ಲಿ ಬಳೆ ಇರಲಿಲ್ಲ

ಪರದೆಯ ಮೇಲೆ 'ಶುಭಂ' ಬಂದು, ದೀಪ ಹೊತ್ತಿ, ಹೆಂಗಸರ ಕಡೆಯ ಬೆಂಚುಗಳೆಲ್ಲ ಖಾಲಿಯಾದರೂ ಕನ್ನಮ್ಮ ಎದ್ದಿರಲಿಲ್ಲ. ಕಸ ಗುಡಿಸುವವಳು ಬಂದು ಏಳಮ್ಮ ಎಂದಾಗ, ಬಳೆ ತೊಡಿಸುವುದು ಇನ್ನೂ ಬಾಕಿ ಇದೆಯಲ್ಲ ಅಂದಳು. ಮಂತ್ರವಾದಿ ಆ ದೆವ್ವವನ್ನು ಮರಕ್ಕೆ ಮೊಳೆ ಹೊಡೆದು ಸುಟ್ಟದ್ದು ಕಾಣಲಿಲ್ಲವೇ, ಅಲ್ಲಿಗೆ ಕಥೆ ಮುಗಿಯಿತು ಎಂದು ಅವಳು ಪೊರಕೆ ಕುಟ್ಟಿದಳು. ಕಂಡಿತ್ತು. ಅದೇ ಕೊನೆ ಎಂದು ಮಾತ್ರ ಕನ್ನಮ್ಮನಿಗೆ ಅನ್ನಿಸಿರಲಿಲ್ಲ.

ಆ ಹಳೆಯ ದೆವ್ವದ ಸಿನಿಮಾವನ್ನೇ ಬಣ್ಣದಲ್ಲಿ ಹೊಸದಾಗಿ ತೆಗೆದಿದ್ದಾರೆ, ಸಾಗರದ ಟಾಕೀಸಿಗೆ ಬಂದಿದೆ ಎಂಬ ಸುದ್ದಿ ತಲುಪಿದ ಮೇಲೆ ಹೊಸನಗರದ ಕಡೆಯ ಅವರ ಕೇರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಹಳೆಯದು ತೀರ್ಥಹಳ್ಳಿಯ ಟೆಂಟಿನಲ್ಲಿ ಓಡುತ್ತಿದ್ದಾಗ ಹೋಗಿ ನೋಡಿ ಬಂದಿದ್ದವನು ಅವಳ ಗಂಡ ಧರ್ಮಪ್ಪ. ಒಬ್ಬ ನೋಡಿಕೊಂಡು ಬರುವುದು, ಉಳಿದವರೆಲ್ಲ ಅಂಗಳದಲ್ಲಿ ಕೂತು ಅವನ ಬಾಯಿಂದ ನೋಡುವುದು ಕೇರಿಯ ರೂಢಿ. ಧರ್ಮಪ್ಪನ ಬಾಯಿಂದ ಬಂದ ಕೊನೆಯಲ್ಲಿ ಮಂತ್ರವಾದಿ ಇರಲಿಲ್ಲ. ಹೆರಿಗೆಯಲ್ಲಿ ಸತ್ತು ದೆವ್ವವಾದ ತಂಗಿಯ ಹತ್ತಿರ ಅಕ್ಕ ನಡುಮಧ್ಯಾಹ್ನ ಒಬ್ಬಳೇ ಹೋಗುತ್ತಾಳೆ, ತಲೆ ಬಾಚುತ್ತಾಳೆ, ಕೈತುಂಬ ಹಸಿರು ಬಳೆ ತೊಡಿಸುತ್ತಾಳೆ. ತಂಗಿ, ಬರ್ತೀನಿ ಅಕ್ಕ, ಎಂದು ಹೇಳಿ ಹೊರಟುಹೋಗುತ್ತಾಳೆ. ಕನ್ನಮ್ಮನ ಸ್ವಂತ ತಂಗಿ ಯಮುನೆ ಹೆರಿಗೆಯಲ್ಲಿ ತೀರಿಕೊಂಡು, ಕೆರೆದಂಡೆಯಲ್ಲಿ ಕಾಣಿಸಿಕೊಳ್ಳುತ್ತಾಳೆಂದು ಜನ ಆ ದಾರಿಯನ್ನೇ ಬಿಟ್ಟಿದ್ದ ವರ್ಷ ಅದು. ಕನ್ನಮ್ಮ ಬಳೆ ಬಾಚಣಿಗೆ ಹಿಡಿದು ಕೆರೆಗೆ ಹೋಗಿ, ಕಥೆಯಲ್ಲಿದ್ದ ಹಾಗೇ ಮಾಡಿ ಬಂದಳು. ಆಮೇಲೆ ಯಮುನೆ ಯಾರಿಗೂ ಕಾಣಲಿಲ್ಲ. ಕನ್ನಮ್ಮನಿಗೂ ನಿದ್ದೆ ಹತ್ತಿತು.

ಈ ಸಲದ ಮಳೆಗಾಲದಲ್ಲಿ ನೆರೆಮನೆಯ ದುಗ್ಗಮ್ಮನ ಮಗಳು ಜಲಜೆಯೂ ಹಾಗೆಯೇ ಹೆರಿಗೆಯಲ್ಲಿ ಹೋದಳು. ಸಿನಿಮಾದ ಸುದ್ದಿ ಕೇಳಿದ್ದೇ ದುಗ್ಗಮ್ಮ ಬಂದು ಕನ್ನಮ್ಮನ ಕೈ ಹಿಡಿದುಕೊಂಡಿದ್ದಳು. "ನೀನು ಮಾಡಿದ್ದು ಕೇಳ್ಕೊಂಡು. ಈಗ ಕಣ್ಣಲ್ಲೇ ನೋಡ್ಕೊಂಡು ಬಾರೇ. ಬಳೆ ಯಾವ ಕೈಗೆ ಮೊದ್ಲು ಅಂತ ನೋಡು. ನನ್ ಕೂಸಿಂದು ತಪ್ಪಬಾರ್ದು."

ಅದಕ್ಕಾಗಿಯೇ ಗಂಡ ಹೆಂಡಿರು ಸಾಗರದ ಬಸ್ಸು ಹತ್ತಿದ್ದು. ಜೊತೆಗೆ ಅಕ್ಕಿ ಗಿರಣಿಯ ಬೆಳ್ಳಪ್ಪ. ಹಳೆಯ ಸಿನಿಮಾ ಎಂದರೆ ಅವನಿಗೆ ಪ್ರಾಣ. ಬಣ್ಣ ಬಳಿದ ದೆವ್ವಕ್ಕೆ ಎಮ್ಮೆಕರುವೂ ಹೆದರುವುದಿಲ್ಲ, ಹಳೆಯವಳ ಆ ನಗು ಈ ಹೊಸ ಹುಡುಗಿಗೆ ಎಲ್ಲಿಂದ ಬರಬೇಕು ಎಂದು ದಾರಿಯುದ್ದಕ್ಕೂ ಗೊಣಗಿದ್ದ. ಹಾಗಂತ ಮಡಿಸಿಟ್ಟ ಅಂಗಿ ಹಾಕಿಕೊಂಡು ಬರುವುದನ್ನು ಬಿಟ್ಟಿರಲಿಲ್ಲ. ಧರ್ಮಪ್ಪ ಮಾತ್ರ, ಈ ಹೊಸದರ ಉಸಾಬರಿ ನಮಗ್ಯಾಕೆ ಎಂದು ಹೊರಡುವಾಗಲೂ ಒಮ್ಮೆ ಹೇಳಿ ನೋಡಿದ್ದ.

ಹೊರಗೆ ಟಿಕೇಟಿನ ಕಿಂಡಿಯ ಹತ್ತಿರ ಮ್ಯಾನೇಜರು ನಾರಾಯಣಮೂರ್ತಿ ನಿಂತಿದ್ದರು. ಕನ್ನಮ್ಮ ನೇರ ಅವರ ಮುಂದೆ ಹೋಗಿ ನಿಂತಳು.

"ಅಯ್ಯಾ, ಬಳೆ ತೊಡ್ಸೋದನ್ನ ಎಂತಕ್ಕೆ ಕತ್ತರಿಸಿದ್ರಿ?"

ಒಂದಂಗುಲ ರೀಲನ್ನೂ ಕತ್ತರಿಸಿಲ್ಲ ಎಂದರು ಅವರು. ಹಿಂದೆ ತೀರ್ಥಹಳ್ಳಿಯ ಟೆಂಟಿನಲ್ಲಿ ಹಳೆಯದನ್ನು ಓಡಿಸಿದ್ದೂ ತಾವೇ. ಅದರಲ್ಲಿಯೂ ಇದೇ ಮೊಳೆ, ಇದೇ ಬೆಂಕಿ.

"ಅಲ್ಲ ಬಿಡಿ," ಅಂದ ಬೆಳ್ಳಪ್ಪ. "ಹಳೇದ್ರಲ್ಲಿ ಬಳೆ ಇತ್ತು. ಹಸಿರು ಬಳೆ. ನಾನು ಕಣ್ಣಾರೆ ಕಂಡಿದೀನಿ."

"ಕಪ್ಪು ಬಿಳುಪು ಸಿನಿಮಾದಲ್ಲಿ ನಿಂಗೊಬ್ಬನಿಗೆ ಹಸಿರು ಹೆಂಗೆ ಕಂಡ್ತು ಮಾರಾಯ?" ಎಂದರು ಮ್ಯಾನೇಜರು.

ಬೆಳ್ಳಪ್ಪ ಕತ್ತು ಕೆರೆದುಕೊಂಡ. ತಾನು ಆ ಟೆಂಟಿಗೆ ಹೋಗಿದ್ದೆನೋ, ಧರ್ಮಪ್ಪನ ಅಂಗಳದಲ್ಲಿ ಕೂತು ಕೇಳಿದ್ದೆನೋ ಎಂಬುದು ಈಗ ಅವನಿಗೇ ಬಗೆಹರಿಯದಾಯಿತು. "ಕಂಡಿದ್ದಂತೂ ಹೌದು," ಎಂದು ಮೆಲ್ಲಗೆ ಅಂದ.

ಕನ್ನಮ್ಮ ಗಂಡನ ಕಡೆ ತಿರುಗಿದಳು. ಅವನು ಗೋಡೆಗೆ ಅಂಟಿಸಿದ್ದ ಚಿತ್ರ ನೋಡುತ್ತಿದ್ದ. ಬಸ್ಸಿನಲ್ಲಿ ಪಕ್ಕ ಕೂತ ಮೇಲೆ ಕೇಳಿದಳು. "ಹಳೇದ್ರಲ್ಲಿ ಬಳೆ ಇತ್ತಾ, ಇಲ್ವಾ?"

"ಆಗ ನೀನು ಗಂಜೀನೂ ಮುಟ್ತಿರ್ಲಿಲ್ಲ," ಅಂದ ಧರ್ಮಪ್ಪ.

"ನಾ ಕೇಳಿದ್ದು ಅದಲ್ಲ."

ಕನ್ನಮ್ಮ ತನ್ನೊಳಗೇ ಲೆಕ್ಕ ಹಾಕತೊಡಗಿದಳು. ಹಾಗಾದರೆ ಬಳೆ ಎಲ್ಲಿಂದ ಬಂತು? ಇಲ್ಲದ ಕಥೆ ನಂಬಿ ಬಳೆ ತೊಡಿಸಿದ್ದಾದರೆ ಯಮುನೆ ಹೋದದ್ದು ಹೇಗೆ? ಹೋಗಿಲ್ಲ ಎನ್ನೋಣವೆಂದರೆ ಮಕ್ಕಳು ಈಗ ಅದೇ ಕೆರೆಯಲ್ಲಿ ಎಮ್ಮೆ ತೊಳೆಯುತ್ತಾರೆ. ಒಂದು ಕಡೆಯಿಂದ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಇಳಿಯುವ ಊರು ಬಂದರೂ ಅವಳಿಗೆ ಯಾವುದೂ ಕೈಗೆ ಹತ್ತಲಿಲ್ಲ.

ಅಂಗಳದಲ್ಲಿ ಆಗಲೇ ಚಾಪೆ ಹಾಸಿ ಜನ ಕೂತಿದ್ದರು. ಎಲ್ಲರಿಗಿಂತ ಮುಂದೆ ದುಗ್ಗಮ್ಮ. ನೀರು ಕುಡಿಯಲೂ ಬಿಡದೆ ಕೇಳಿದಳು, "ನೋಡಿದ್ಯೇನೇ? ಯಾವ ಕೈಗೆ?"

ಮಂತ್ರವಾದಿ ಎಂಬ ಮಾತು ಕನ್ನಮ್ಮನ ನಾಲಗೆಯ ತುದಿಗೆ ಬಂತು. ದುಗ್ಗಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಚಾಚಿ ಇಟ್ಟುಕೊಂಡಿದ್ದಳು, ಬಳೆ ತೊಡಿಸುವುದನ್ನು ಅವುಗಳ ಮೇಲೇ ತೋರಿಸಲಿ ಎಂಬಂತೆ.

"ಎಡಗೈಗೆ," ಅಂದಳು ಕನ್ನಮ್ಮ.

ಹೇಳಿದ್ದು ತಾನೇ ಹೌದೋ ಅಲ್ಲವೋ ಎಂದು ಅವಳಿಗೇ ಗೊಂದಲವಾಯಿತು. ಆದರೂ ದುಗ್ಗಮ್ಮನ ಎಡಗೈ ಹಿಡಿದುಕೊಂಡು, ಅಕ್ಕ ಹೇಗೆ ಹತ್ತಿರ ಹೋಗುತ್ತಾಳೆ, ಬೆರಳುಗಳನ್ನು ಹೇಗೆ ಕೂಡಿಸಿ ಹಿಡಿಯುತ್ತಾಳೆ ಎಂದು ಹೇಳತೊಡಗಿದಳು. ಅಂಗಳ ಮುಂದೆ ಸರಿದು ಕೇಳಿತು. ತಂಗಿ ತಲೆ ಎತ್ತುತ್ತಾಳೆ ಎಂದು ಧರ್ಮಪ್ಪ ಹೇಳಿದ್ದೇ ಇಲ್ಲ; ಅಲ್ಲಿಗೆ ಬಂದು, ಮುಂದೇನೆಂದು ಹೊಳೆಯದೆ ಅವಳು ನಿಂತಳು.

"ಆಮೇಲೆ?" ಎಂದಿತು ಚಾಪೆಯ ತುದಿಯಿಂದ ಒಂದು ದನಿ.

ಕೇಳಿದವನು ಧರ್ಮಪ್ಪ.